ಹಲವು ಶಿಸ್ತು, ಒಂದು ಪ್ರಶ್ನೆ

ಅಮೆರಿಕದ ಬದುಕನ್ನು ಸಾಹಿತ್ಯ, ಇತಿಹಾಸ ಎಂದು ಹೋಳು ಮಾಡದೆ ಇಡಿಯಾಗಿ ಅರಿಯಬೇಕೆಂಬ ಹಂಬಲದಿಂದ ಹಾರ್ವರ್ಡ್ ವಿಶ್ವವಿದ್ಯಾಲಯವು 1930ರ ದಶಕದಲ್ಲಿ ಅಮೆರಿಕನ್ ನಾಗರಿಕತೆಯ ಇತಿಹಾಸವೆಂಬ ಡಾಕ್ಟರೇಟ್ ವ್ಯಾಸಂಗವನ್ನು ಆರಂಭಿಸಿತು. 1940ರಲ್ಲಿ ಅಲ್ಲಿ ಮೊದಲಿಗೆ ಪದವಿ ಪಡೆದವರು ಹೆನ್ರಿ ನ್ಯಾಶ್ ಸ್ಮಿತ್. ಅವರ 'ವರ್ಜಿನ್ ಲ್ಯಾಂಡ್' (1950) ಕೃತಿಯು ಕೂಪರನ ಕಾದಂಬರಿ, ಅಗ್ಗದ ಜನಪ್ರಿಯ ಕಥೆ, 1862ರ ಹೋಮ್‌ಸ್ಟೆಡ್ ಕಾಯಿದೆ ಇವೆಲ್ಲವನ್ನೂ ಒಟ್ಟಿಗಿಟ್ಟು ಕೇಳಿದ್ದು ಒಂದೇ ಪ್ರಶ್ನೆ: ಪಶ್ಚಿಮದಲ್ಲಿ ಬರಿದು ನೆಲ ಕಾದಿದೆಯೆಂಬ ಕಲ್ಪನೆ ಆ ಸಮಾಜವನ್ನು ಹೇಗೆ ರೂಪಿಸಿತು? ಆ ನೆಲ ಬರಿದಾಗಿರಲಿಲ್ಲ, ಮೂಲನಿವಾಸಿಗಳ ನೆಲೆಯಾಗಿತ್ತೆಂಬ ಆಕ್ಷೇಪವನ್ನೂ ಮುಂದೆ ಅದೇ ಕ್ಷೇತ್ರದ ವಿದ್ವಾಂಸರು ಎತ್ತಿದರು.

ಅಂತರಶಿಸ್ತೀಯ ಅಧ್ಯಯನ ಹುಟ್ಟುವುದು ಪಠ್ಯಪಟ್ಟಿಯಲ್ಲಲ್ಲ, ಪ್ರಶ್ನೆಯಲ್ಲಿ ಎಂಬುದು ನನ್ನ ನಿಲುವು. ಪ್ರಶ್ನೆಯಿಲ್ಲದ ವಿದ್ಯಾರ್ಥಿ ನಾಲ್ಕು ವಿಭಾಗಗಳ ಹೊಸ್ತಿಲು ತುಳಿದೂ ಯಾವ ಮನೆಗೂ ಸೇರದವನಾಗಿ ಉಳಿಯುತ್ತಾನೆ. ಅಧ್ಯಾಪಕ ಹುದ್ದೆಗಳು ಬಹುಮಟ್ಟಿಗೆ ವಿಭಾಗವಾರು ಇರುವುದರಿಂದ ಇದು ಅನ್ನದ ಪ್ರಶ್ನೆಯೂ ಹೌದು. ಆದುದರಿಂದ ಒಂದು ಶಿಸ್ತಿನಲ್ಲಿ ಬೇರೂರಿಯೇ ಇತರ ಶಿಸ್ತುಗಳತ್ತ ಕೈಚಾಚಬೇಕು.

ಹೊರನಾಡಿನ ಕನ್ನಡ ವಿಭಾಗಗಳಿಗೂ ಈ ಮಾತು ಸಲ್ಲುತ್ತದೆ. ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತವರ ಬರವಣಿಗೆಯನ್ನು, ವಲಸೆಯ ಇತಿಹಾಸವನ್ನೂ ಹೋಟೆಲು ದುಡಿಮೆಯ ಅರ್ಥಶಾಸ್ತ್ರವನ್ನೂ ಓದದೆ ಅರಿಯುವುದೆಂತು?