"ನೀನೇ ಎಂತದೋ ಒತ್ತಿದ್ದು"

ಕಂಪ್ಯೂಟರ್ ಹಾಳಾದ ದಿನ ನಮ್ಮ ಬೋಳಾರದ ಮನೆಗಳಲ್ಲಿ ಕೇಳುವುದು ಎರಡೇ ಮಾತು. ಒಂದು, "ನೀನೇ ಎಂತದೋ ಒತ್ತಿದ್ದು." ಇನ್ನೊಂದು, "ಆ ಹುಡುಗನನ್ನು ಕರಿ, ಫಾರ್ಮ್ಯಾಟ್ ಹೊಡಿಲಿ." ಈ ಎರಡೂ ಮಾತು ನನಗೆ ಆಗುವುದಿಲ್ಲ. ಯಾಕೆ ಅಂತ ಇವತ್ತು ಹೇಳಿಯೇ ಬಿಡ್ತೇನೆ, ಯಾರಿಗೆ ಬೇಜಾರಾದ್ರೂ ಅಡ್ಡಿಲ್ಲ.

ಹೋದ ವರ್ಷ ಮಳೆಗಾಲದಲ್ಲಿ ನಮ್ಮ ಲ್ಯಾಪ್‌ಟಾಪ್ ರಗಳೆ ಶುರು ಮಾಡಿತು. ಆನ್ ಮಾಡಿ ಸುಮ್ಮನೆ ಇಟ್ರೂ ಫ್ಯಾನು ಗರಗರ ತಿರುಗುವುದು, ಕೈ ಇಟ್ರೆ ಕಾವಲಿಯಷ್ಟು ಬಿಸಿ. ಗೂಗಲ್‌ನಲ್ಲಿ ಹುಡುಕಿದ್ರೆ ಬೇರೆ ಯಾವುದೋ ಪುಟ ತೆರೆಯುವುದು. ಮನೆಯವರ ತೀರ್ಪು ಕೂಡ್ಲೇ ಬಂತು, ನಾನು ಅಡುಗೆ ವಿಡಿಯೋ ನೋಡಿದ್ದಕ್ಕೆ ವೈರಸ್ ಬಂದದ್ದಂತೆ. ಹುಡುಗ ಬಂದ, ಒಂದೂವರೆ ಗಂಟೆ ಕೂತ, ಚಾ ಕುಡಿದ, ಐನೂರು ರೂಪಾಯಿ ತಕ್ಕೊಂಡು ಹೋದ. ಲ್ಯಾಪ್‌ಟಾಪ್ ಹೊಸತರ ಹಾಗೆ ಆಯ್ತು. ಅದರೊಳಗೆ ಅಮ್ಮನ ಸ್ವರ ಇತ್ತು. ಪತ್ರೊಡೆಗೆ ಅಕ್ಕಿ ಎಷ್ಟು, ಹುಳಿ ಎಷ್ಟು, ಯಾವ ಕೆಸುವಿನ ಎಲೆ ತುರಿಸ್ತದೆ ಅಂತ ಅವರು ತೀರಿಹೋಗುವ ಎರಡು ತಿಂಗಳ ಮೊದಲು ಹೇಳಿದ ರೆಕಾರ್ಡಿಂಗ್. ಅದೂ ಹೋಯ್ತು. "ಬ್ಯಾಕಪ್ ಇರ್ಲಿಲ್ವಾ ಆಂಟಿ?" ಅಂತ ಆ ಹುಡುಗ ಕೇಳಿದ್ದು ಎಲ್ಲ ಅಳಿಸಿ ಆದ ಮೇಲೆ.

ಮೂರು ತಿಂಗಳಲ್ಲಿ ಪುನಃ ಅದೇ ಗರಗರ.

ಈ ಸಲ ನಾನು ಯಾರನ್ನೂ ಕರೀಲಿಲ್ಲ. ಅಕ್ಕನ ಮಗಳು ಫೋನಿನಲ್ಲಿ ಹೇಳ್ತಾ ಹೋದಳು, ನಾನು ಮಾಡ್ತಾ ಹೋದೆ. ಮೊದಲು ವೈಫೈ ತೆಗೆದೆ, ಒಳಗಿನ ಕಳ್ಳನಿಗೆ ಹೊರಗಿನವರ ಜೊತೆ ಮಾತಾಡ್ಲಿಕ್ಕೆ ಆಗಬಾರದಲ್ಲ. ಮತ್ತೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದೆ. ಟಾಸ್ಕ್ ಮ್ಯಾನೇಜರ್ ಬಂತು. ಯಾವ ಪ್ರೋಗ್ರಾಂ ಎಷ್ಟು ತಿಂತಾ ಉಂಟು ಅಂತ ಅದರಲ್ಲಿ ಲೆಕ್ಕ ಕಾಣ್ತದೆ, ರೇಷನ್ ಪಟ್ಟಿಯ ಹಾಗೆ. ನಾನು ಎಂತದೂ ತೆರೆದಿರ್ಲಿಲ್ಲ. ಆದ್ರೂ ಹೆಸರಿಗೆ ಅರ್ಥವೇ ಇಲ್ಲದ ಒಂದು ಪ್ರೋಗ್ರಾಂ ಮುಕ್ಕಾಲು ಪಾಲು ಶಕ್ತಿ ನುಂಗ್ತಾ ಇತ್ತು. ಅದೇ ಪರದೆಯ ಸ್ಟಾರ್ಟಪ್ ಪಟ್ಟಿಯಲ್ಲಿಯೂ ಅದರ ಹೆಸರು, ಅಂದ್ರೆ ದಿನಾ ಕಂಪ್ಯೂಟರ್ ಜೊತೆಗೇ ಏಳುವ ಗಿರಾಕಿ.

ನನಗೆ ಮಂಡೆ ಬಿಸಿ ಆದದ್ದು ಅದರ ನಂತರ. ವಿಂಡೋಸ್‌ನಲ್ಲಿ ಡಿಫೆಂಡರ್ ಅಂತ ಕಾವಲುಗಾರ ಬಿಟ್ಟಿಗೇ ಬರ್ತಾನೆ. ಅವನು ಯಾಕೆ ಹಿಡೀಲಿಲ್ಲ? ವಿಂಡೋಸ್ ಸೆಕ್ಯುರಿಟಿ ತೆರೆದು ಎಕ್ಸ್‌ಕ್ಲೂಷನ್ಸ್ ನೋಡಿದ್ರೆ, ಅಂದ್ರೆ "ಇಲ್ಲಿ ಹುಡುಕಬೇಡ" ಅನ್ನುವ ಪಟ್ಟಿ, ಅದರಲ್ಲಿ ಇಡೀ ಸಿ ಡ್ರೈವ್ ಉಂಟು! ಫಾರ್ಮ್ಯಾಟ್ ಹೊಡೆದವನು ಪುಕ್ಕಟೆ ವಿಂಡೋಸ್ ನಡೀಲಿ ಅಂತ ಆಕ್ಟಿವೇಟರ್ ಹಾಕಿದ್ದ, ಅದಕ್ಕೋಸ್ಕರ ಕಾವಲುಗಾರನ ಕಣ್ಣಿಗೆ ಬಟ್ಟೆ ಕಟ್ಟಿ ಹೋಗಿದ್ದ. ಈ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್, ಆಟಗಳ ಜೊತೆ "ಮೊದಲು ಆಂಟಿವೈರಸ್ ಆಫ್ ಮಾಡಿ" ಅಂತ ಬರೆದೇ ಇರ್ತದೆ. ನಾಯಿ ಕಟ್ಟಿ ಹಾಕಿ, ಮತ್ತೆ ಒಳಗೆ ಬರ್ತೇನೆ ಅನ್ನುವ ನೆಂಟ ಎಂತ ನೆಂಟ ಮಾರಾಯ್ತಿ?

ಟ್ರೋಜನ್ ಅನ್ನುವ ಹೆಸರು ಬಂದದ್ದು ಗ್ರೀಕರ ಮರದ ಕುದುರೆ ಕಥೆಯಿಂದ. ನಮಗೆ ಅಷ್ಟು ದೂರ ಹೋಗ್ಬೇಕಂತಿಲ್ಲ, ಯಕ್ಷಗಾನದ ಸನ್ಯಾಸಿ ರಾವಣ ಸಾಕು. ಅದು ತಾನಾಗಿ ನುಗ್ಗುವ ವೈರಸ್ ಅಲ್ಲ, ಬೇರೆ ವೇಷದಲ್ಲಿ ಬಂದು ನಮ್ಮ ಕೈಯಿಂದಲೇ ಬಾಗಿಲು ತೆಗೆಸುವುದು. ಫೋನಿಗೂ ಅದೇ ವೇಷ: ವಾಟ್ಸಾಪಿನಲ್ಲಿ ಬರುವ ಮದುವೆ ಕಾಗದದ, ಟ್ರಾಫಿಕ್ ಚಲನಿನ ಹೆಸರಿನ ಕೊನೆಗೆ ಎಪಿಕೆ ಅಂತ ಇದ್ರೆ ಮುಟ್ಲೇ ಬೇಡಿ. ಕಥೆ ಕೇಳಿದವರೆಲ್ಲ ಸೀತೆ ಯಾಕೆ ಗೆರೆ ದಾಟಿದಳು ಅಂತ ಕೇಳುವವರೇ. ನಮ್ಮ ಮನೆಯಲ್ಲಿ ಭಿಕ್ಷೆ ಹಾಕಿದವರು ಯಾರು? ಐನೂರರ ಹುಡುಗ, ಮತ್ತೆ ಪುಕ್ಕಟೆ ಫುಟ್ಬಾಲ್ ಆಟ ಇಳಿಸಿದ ನಮ್ಮ ಕುವರ. ಬೈಗುಳ ನನಗೆ.

ಲೈಸೆನ್ಸಿಗೆ ದುಡ್ಡು ಜಾಸ್ತಿ ಅಂತ ಗಂಡಸರು ಹೇಳ್ತಾರೆ. ವಿಂಡೋಸ್ ಹಾಕಿಯೇ ಮಾರಿದ ಲ್ಯಾಪ್‌ಟಾಪ್ ಆದ್ರೆ ಅದರ ದುಡ್ಡು ನಾವು ಅಂಗಡಿಯಲ್ಲೇ ಕೊಟ್ಟಾಗಿರ್ತದೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಅದರ ಕೀ ಯಂತ್ರದೊಳಗೇ ಇರ್ತದೆ. ಬಂದದ್ದು ಹೋಮ್ ಆದ್ರೆ ಪುನಃ ಹೋಮನ್ನೇ ಹಾಕಿದ್ರೆ ಸಾಮಾನ್ಯವಾಗಿ ತಾನಾಗಿ ಆಕ್ಟಿವೇಟ್ ಆಗ್ತದೆ. ಇವರು ಅದನ್ನು ಅಳಿಸಿ ಪ್ರೊ ಹಾಕಿ, ಮೇಲಿಂದ ಕ್ರ್ಯಾಕ್ ಜಡೀತಾರೆ.

ನಾನು ಮಾಡಿದ್ದು ಇಷ್ಟು. ಆ ಎಕ್ಸ್‌ಕ್ಲೂಷನ್ ತೆಗೆದೆ, ಅಪ್ಡೇಟಿಗೆ ಬೇಕಾದಷ್ಟೇ ಹೊತ್ತು ನೆಟ್ ಕೊಟ್ಟೆ, ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಒತ್ತಿದೆ. ಕಂಪ್ಯೂಟರ್ ಆಫ್ ಆಗಿ, ವಿಂಡೋಸ್ ಏಳುವ ಮೊದಲೇ ಹುಡುಕ್ತದೆ, ಅಡಗಿ ಕೂತದ್ದಕ್ಕೆ ತಪ್ಪಿಸಿಕೊಳ್ಳುವುದು ಕಷ್ಟ. ಸುಮಾರು 15 ನಿಮಿಷ. ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ಕೆಂಪಕ್ಷರದ ಹೆಸರು ಬಂತು, ಶುರುವಿಗೇ "ಟ್ರೋಜನ್" ಅಂತ. ರಿಮೂವ್ ಕೊಟ್ಟೆ. ಆಕ್ಟಿವೇಟರ್, ಫುಟ್ಬಾಲ್ ಆಟ, ಬ್ರೌಸರ್‌ನಲ್ಲಿ ಯಾರೂ ಹಾಕದೆ ಕೂತಿದ್ದ ಎರಡು ಎಕ್ಸ್‌ಟೆನ್ಷನ್ ಎಲ್ಲ ತೆಗೆದು ಪೂರ್ತಿ ಸ್ಕ್ಯಾನ್ ಇನ್ನೊಮ್ಮೆ ಹಾಕಿದೆ. ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರವೂ 2017ರಿಂದ ಇಂಥದ್ದು ತೆಗೆಯುವ ಟೂಲ್ ಪುಕ್ಕಟೆ ಕೊಡ್ತದೆ, ಯಾರೂ ಹೇಳುವುದಿಲ್ಲ ಅಷ್ಟೇ.

ಫಾರ್ಮ್ಯಾಟ್ ಯಾವಾಗಲೂ ತಪ್ಪು ಅಂತಲ್ಲ. ತೆಗೆದಷ್ಟೂ ಪುನಃ ಬಂದ್ರೆ, ಹೊರಗಿನವರು ನಿಮ್ಮ ಪರದೆ ನಡೆಸ್ತಿದ್ದಾರೆ ಅಂತ ಕಂಡ್ರೆ ಅದೇ ದಾರಿ. ಆದ್ರೆ ಹಂಚಿನ ಕಾರ್ಖಾನೆ ನೋಡಿ ಬೆಳೆದ ಊರಿನವರು ನಾವು. ಒಂದು ಹಂಚು ಒಡೆದು ಸೋರಿದ್ರೆ ಇಡೀ ಮಾಡು ಇಳಿಸ್ತೇವಾ? ಇಳಿಸ್ಲೇಬೇಕಾದ್ರೂ ಕೆಳಗಿನ ಸಾಮಾನು ಮೊದಲು ಹೊರಗಿಡುವುದಿಲ್ವಾ? ಫೋಟೋ, ಕಾಗದಪತ್ರ, ಸ್ವರ ಎಲ್ಲ ಬೇರೆ ಕಡೆ ಹಾಕಿ ಆಗ್ಬೇಕು. ಪ್ರೋಗ್ರಾಂ ಫೈಲ್ ಮಾತ್ರ ಒಂದೂ ಎತ್ತಬೇಡಿ.

ಇನ್ನೊಂದು, ಇದನ್ನು ಆ ಹುಡುಗ ಎರಡು ಸಲ ಬಂದ್ರೂ ಹೇಳ್ತಿರ್ಲಿಲ್ಲ. ಕೆಲವು ಟ್ರೋಜನ್ ಬ್ರೌಸರ್‌ನಲ್ಲಿ ಸೇವ್ ಮಾಡಿದ ಪಾಸ್‌ವರ್ಡ್ ಆಗಲೇ ಕಳಿಸಿ ಆಗಿರ್ತದೆ. ಫಾರ್ಮ್ಯಾಟ್ ಹೊಡೆದ್ರೆ ಅದು ವಾಪಸ್ ಬರ್ತದಾ? ಕಳ್ಳ ಬೀಗದ ಕೈ ತಕ್ಕೊಂಡು ಹೋದ ಮೇಲೆ ನೆಲ ಒರೆಸಿದ ಹಾಗೆ ಅದು. ಬೇರೆ ಫೋನಿನಿಂದ ಮೊದಲು ಇಮೇಲ್, ಮತ್ತೆ ಬ್ಯಾಂಕಿನ ಪಾಸ್‌ವರ್ಡ್ ಬದಲಿಸಿ, "ಎಲ್ಲ ಕಡೆ ಲಾಗೌಟ್" ಕೊಡಿ. ಸೋಂಕು ತಗಲಿದ ಕಂಪ್ಯೂಟರಿನಲ್ಲೇ ಬದಲಿಸಿದ್ರೆ ಹೊಸತೂ ಹೋಯ್ತು. ದುಡ್ಡು ಹೋದದ್ದು ಕಂಡ್ರೆ ಆ ಗಳಿಗೆಯಲ್ಲೇ 1930ಕ್ಕೆ ಫೋನ್ ಮಾಡಿ, ಗಂಡ ಆಫೀಸಿನಿಂದ ಬರ್ಲಿ ಅಂತ ಕಾಯ್ಬೇಡಿ.

ಅಮ್ಮನ ರೆಕಾರ್ಡಿಂಗ್ ಸಿಗ್ಲಿಲ್ಲ. ಚಿಕ್ಕಮ್ಮನ ಹತ್ರ ಕೂತು ಪತ್ರೊಡೆಯ ಲೆಕ್ಕ ಪುನಃ ಹೇಳಿಸಿದ್ದೇನೆ, ಒಂದು ಪೆನ್‌ಡ್ರೈವ್ ನನ್ನ ಕಪಾಟಿನಲ್ಲಿ, ಇನ್ನೊಂದು ಅಕ್ಕನ ಮನೆಯಲ್ಲಿ. ಭಾನುವಾರ ಊಟ ಆದ ಮೇಲೆ ನಾನು ಮನೆಯಲ್ಲೇ ಇದ್ದೇನೆ. ಲ್ಯಾಪ್‌ಟಾಪ್ ತರುವವರು ಚಾರ್ಜರ್ ಮರೀಬೇಡಿ.