ಒಗೆಯಲು ಬಾರದ ಕೈಗಳು

"ಮೇಡಂ, ಅದೆಲ್ಲ ನಿಮಗ್ಯಾಕೆ? ಗಾಡಿ ಬಿಟ್ಟುಹೋಗಿ, ಸಾಯಂಕಾಲ ಬನ್ನಿ."

ಈ ಮಾತನ್ನು ವರ್ಷಗಟ್ಟಲೆ ಕೇಳಿ, ನಕ್ಕು, ಗಾಡಿ ಬಿಟ್ಟುಹೋಗಿ, ಸಾಯಂಕಾಲ ದುಡ್ಡು ಕೊಟ್ಟು ಬಂದವಳು ನಾನು. ಆದ್ದರಿಂದ ಈ ಬರಹದಲ್ಲಿ ಮೊದಲ ಬೈಗಳು ನನಗೇ ಸಲ್ಲಬೇಕು.

ನನ್ನದು ಮಣ್ಣುದಾರಿಗೆಂದೇ ಮಾಡಿದ ಎತ್ತರದ ಬೈಕು. ಸಕಲೇಶಪುರದ ಆಚೆ ತೋಟಗಳ ನಡುವಿನ ಹಳ್ಳಿಗಳಿಗೆ ದನಗಳ ಚಿಕಿತ್ಸೆಗೆ ಹೋಗುವವಳಿಗೆ ಸ್ಕೂಟರ್ ಒಗ್ಗುವುದಿಲ್ಲ, ಅದರ ಹೊಟ್ಟೆ ಕಲ್ಲಿಗೆ ಬಡಿಯುತ್ತದೆ. ಮಳೆಗಾಲದಲ್ಲಿ ಕೆಸರು, ಶಿವರಾತ್ರಿ ಕಳೆಯಿತೆಂದರೆ ಕುಂಕುಮದಂಥ ಧೂಳು. ಮುಂದೊಂದು ಜೀಪು ಹೋಯಿತೋ, ಹಿಂದೆ ಬರುವವಳ ಹುಬ್ಬು, ಹಲ್ಲು ಎಲ್ಲ ಕೆಂಪು. ಆದರೆ ಬೈಕೂ ಅದೇ ಗಾಳಿಯನ್ನು ಕುಡಿಯುತ್ತದೆ ಎಂಬುದು ನನಗೆ ಹೊಳೆದಿರಲೇ ಇಲ್ಲ.

ಹೊಳೆದದ್ದು ಒಂದು ಮಾರ್ಚಿ ಸಂಜೆ. ಚೊಚ್ಚಲು ಹಸುವಿಗೆ ಹೆರಿಗೆ ಕಷ್ಟವಾಗಿದೆ ಎಂದು ಫೋನ್ ಬಂತು. ಕಡಿದಾದ ಏರಿನಲ್ಲಿ ಬೈಕು ಆಸ್ತಮಾ ಇರುವವರ ಹಾಗೆ ಎದೆ ಹಿಡಿದು, ಎರಡು ಸಲ ಕೆಮ್ಮಿ ನಿಂತಿತು. ಚೀಲ ಹೆಗಲಿಗೇರಿಸಿ ಎರಡು ಕಿಲೋಮೀಟರ್ ನಡೆದೆ. ಹಸು ಉಳಿಯಿತು, ಕರು ಉಳಿಯಲಿಲ್ಲ. ಬೇಗ ತಲುಪಿದ್ದರೆ ಉಳಿಯುತ್ತಿತ್ತೇ? ಹೇಳಲಾರೆ. ಆ ಮನೆಯ ಅಜ್ಜಿ ಒಂದು ಮಾತೂ ಆಡದೆ ಕಾಫಿ ತಂದುಕೊಟ್ಟರು. ಅದು ಗಂಟಲಲ್ಲಿ ಇಳಿಯಲಿಲ್ಲ.

ಮೂರು ವಾರದ ಹಿಂದಷ್ಟೇ ಸರ್ವೀಸ್ ಆಗಿತ್ತು. ಬಿಲ್ಲು ಹುಡುಕಿ ತೆಗೆದರೆ 'ಏರ್ ಫಿಲ್ಟರ್, ಹೊಸದು' ಎಂದು ಬರೆದಿದೆ. ಬೈಕಿನ ಜೊತೆ ಬಂದ ಪುಸ್ತಕವನ್ನು ಅಂದು ರಾತ್ರಿ ಮೊದಲ ಬಾರಿ ಬಿಡಿಸಿದೆ. ಟಿವಿ, ಮಿಕ್ಸಿಗಳ ಪುಸ್ತಕಗಳ ಜೊತೆ ಅದೂ ಬೀರುವಿನಲ್ಲಿ ಮುತ್ತೈದೆಯ ಹಾಗೆ ಭದ್ರವಾಗಿತ್ತು. ಪಕ್ಕದ ಮುಚ್ಚಳ ಬಿಚ್ಚಿದರೆ ಒಳಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿದ ಸ್ಪಂಜು, ಅದರ ಮೇಲೆ ಇಲಿಯೊಂದು ಸಾವಕಾಶವಾಗಿ ಕೂಡಿಟ್ಟ ಕಾಫಿ ಸಿಪ್ಪೆ! ಹೊಸ ಫಿಲ್ಟರಿನಲ್ಲಿ ಮೂರು ವಾರಕ್ಕೆ ಸಂಸಾರ ಹೂಡುವ ಇಲಿ ಇದ್ದರೆ ಅದಕ್ಕೆ ನಮಸ್ಕಾರ.

ಆದರೂ ಅನುಮಾನಕ್ಕೆ ಪುರಾವೆ ಬೇಕಲ್ಲ. ಹೊಸ ಸ್ಪಂಜು ತಂದು ಹಾಕಿ, ಅದರ ಅಂಚಿಗೆ ಉಗುರುಬಣ್ಣದ ಒಂದು ಚುಕ್ಕೆ ಇಟ್ಟೆ. ಮುಂದಿನ ಸರ್ವೀಸಿನಲ್ಲಿ ಮತ್ತೆ 'ಹೊಸದು' ಎಂದು ದುಡ್ಡು ಹಿಡಿದರು. ಮನೆಗೆ ಬಂದು ಬಿಚ್ಚಿದರೆ ನನ್ನ ಚುಕ್ಕೆ ಸುಮಂಗಲಿಯಂತೆ ಅಲ್ಲೇ ಇತ್ತು.

ಮೋಸ ಮಾಡಿದವರ ಮೇಲೆ ನನಗೆ ಸಿಟ್ಟಿದೆ, ನಿಜ. ಅದಕ್ಕಿಂತ ಹೆಚ್ಚಿನ ಸಿಟ್ಟು ಆ ಮೋಸವನ್ನು ಸುಲಭ ಮಾಡಿಕೊಟ್ಟ ಮಾತಿನ ಮೇಲೆ. 'ನಿಮಗ್ಯಾಕೆ' ಎಂದರೆ 'ನೀವು ನೋಡಲಾರಿರಿ' ಎಂದೇ ಅರ್ಥ. ನೋಡಲಾರದವರ ಕಣ್ಣಿಗೆ ಮಣ್ಣೆರಚುವುದೂ ಬೇಕಿಲ್ಲ, ಮಣ್ಣು ಫಿಲ್ಟರಿನಲ್ಲೇ ಇದ್ದರೆ ಸಾಕು.

ಇದೇನು ರಾಕೆಟ್ ವಿದ್ಯೆಯೇ? ಒಂದು ಕಿಲೋ ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಲೀಟರಿನ ಲೆಕ್ಕಕ್ಕೆ ಇಳಿಸಿದರೆ, ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ. ನಾವು ಒಂದು ಹಗಲು ಒಂದು ರಾತ್ರಿ ಉಸಿರಾಡುವ ಗಾಳಿಗೆ ಹತ್ತಿರ ಹತ್ತಿರ ಬರುತ್ತದೆ. ಅಷ್ಟೂ ಗಾಳಿ ಈ ಅಂಗೈಯಗಲದ ಸ್ಪಂಜಿನ ಮೂಲಕವೇ ಹೋಗಬೇಕು. ಸ್ಪಂಜು ಕಟ್ಟಿಕೊಂಡರೆ ಎಂಜಿನ್ನಿಗೆ ಉಸಿರಿಲ್ಲ, ಹರಿದರೆ ಅದಕ್ಕಿಂತ ಕೇಡು. ಧೂಳಿನಲ್ಲಿ ಬೆಣಚುಕಲ್ಲಿನ ಪುಡಿ ಇರುತ್ತದೆ, ಅದು ಸಾಧಾರಣ ಕಬ್ಬಿಣಕ್ಕಿಂತ ಗಟ್ಟಿ. ಒಳಗೆ ಹೋದರೆ ಪಿಸ್ಟನ್ನಿನ ಉಂಗುರಗಳನ್ನು ಉಪ್ಪುಕಾಗದ ಹಾಕಿ ತಿಕ್ಕಿದಂತೆ ಸವೆಸುತ್ತದೆ. ಆಮೇಲೆ ಎಂಜಿನ್ ಎಣ್ಣೆ ಕುಡಿಯುತ್ತದೆ, ಹಿಂದಿನಿಂದ ನೀಲಿ ಹೊಗೆ ಬಿಡುತ್ತದೆ, ನೀವು ಸಾವಿರಗಟ್ಟಲೆ ಎಣಿಸುತ್ತೀರಿ.

ಇನ್ನು ಆ ಮಹಾವಿದ್ಯೆ ಕೇಳಿ. ಸ್ಪಂಜು ತೆಗೆದ ಕೂಡಲೇ ಒಳಗಿನ ಗಾಳಿಬಾಯಿಗೆ ಒಂದು ಶುಭ್ರ ಬಟ್ಟೆ ತುರುಕಬೇಕು, ಕಸ ಜಾರಿ ಎಂಜಿನ್ನಿಗೆ ಬೀಳದಂತೆ. ಪೆಟ್ಟಿಗೆಯ ಒಳಗೋಡೆಯನ್ನು ಒರೆಸಬೇಕು. ಸ್ಪಂಜನ್ನು ಅದಕ್ಕೆಂದೇ ಮಾರುವ ದ್ರಾವಣದಲ್ಲಿ ಅದ್ದಿ ಹಳೆ ಎಣ್ಣೆ ಬಿಡಿಸಿ, ಪಾತ್ರೆ ತೊಳೆಯುವ ಸಾಬೂನಿನ ಉಗುರುಬೆಚ್ಚನೆ ನೀರಿನಲ್ಲಿ ತೊಳೆಯಬೇಕು. ಪೆಟ್ರೋಲಿನಲ್ಲಿ ಮಾತ್ರ ಬೇಡ: ಬೆಂಕಿಯ ಭಯ ಒಂದು, ಅಂಟಿಸಿದ ಅಂಚು ಬಿಟ್ಟುಕೊಳ್ಳುವುದು ಇನ್ನೊಂದು. ಹಿಂಡಬಾರದು, ಉಣ್ಣೆಯ ಸ್ವೆಟರನ್ನು ಅದುಮುವ ಹಾಗೆ ಅದುಮಬೇಕು. ನೆರಳಿನಲ್ಲಿ ಪೂರ್ತಿ ಒಣಗಬೇಕು. ಬೆಳಕಿಗೆ ಹಿಡಿದು ನೋಡಿ, ಹರಿದಿದ್ದರೆ, ಬೆರಳಿಗೆ ಪುಡಿಪುಡಿಯಾಗಿ ಬಂದರೆ, ಮೋಹ ಬಿಟ್ಟು ಹೊಸದು ಹಾಕಿ. ಚೆನ್ನಾಗಿದ್ದರೆ ಫಿಲ್ಟರಿನ ಎಣ್ಣೆಯನ್ನು ಮಗುವಿನ ನೆತ್ತಿಗೆ ಒತ್ತುವ ಹಾಗೆ ಎಲ್ಲ ಕಡೆಗೂ ಒತ್ತಿ, ಹೆಚ್ಚಾದದ್ದನ್ನು ಅದುಮಿ ತೆಗೆಯಿರಿ. ಧೂಳನ್ನು ಹಿಡಿಯುವುದು ಆ ಎಣ್ಣೆಯ ಜಿಗುಟೇ. ಒಣ ಸ್ಪಂಜು ಹಾಕಿದರೆ ನುಣ್ಣನೆ ಧೂಳು ಸಲೀಸಾಗಿ ಒಳಹೋಗುತ್ತದೆ. ಕೂರುವ ಅಂಚಿಗೆ ತುಸು ಗ್ರೀಸು. ಮುಗಿಯಿತು.

ಈಗ ಹೇಳಿ, ಇದರಲ್ಲಿ ನಮ್ಮ ಕೈಗೆ ತಿಳಿಯದ ಕೆಲಸ ಯಾವುದು? ರೇಷ್ಮೆ, ಉಣ್ಣೆ, ಹತ್ತಿ ಒಂದೊಂದನ್ನೂ ಬೇರೆ ಬೇರೆ ರೀತಿ ಒಗೆಯಬಲ್ಲ ಕೈಗೆ ಒಂದು ಸ್ಪಂಜು ಒಗೆಯಲು ಬಾರದಂತೆ! ಒಲೆಯ ಮುಂದೆ ಕೈ ಮಸಿಯಾದರೆ ಗೃಹಲಕ್ಷ್ಮಿ, ಬೈಕಿನ ಪಕ್ಕ ಮಸಿಯಾದರೆ 'ಗಂಡಸರಿಲ್ಲವಾ ಮನೇಲಿ?' ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗವನ್ನು ಇಂಥದೇ ಮಣ್ಣು ಮರಳಿನ ದಾರಿಗಳಲ್ಲಿ ಬೈಕು ಓಡಿಸಿ ಗೆದ್ದರು. ಅದಾಗಿ ಇಷ್ಟು ವರ್ಷವಾದ ಮೇಲೂ ನಮಗೆ ಮುಚ್ಚಳದ ನಾಲ್ಕು ಸ್ಕ್ರೂ ಬಿಚ್ಚಲು ಅಪ್ಪಣೆ ಬೇಕು.

ನನ್ನ ಗೆಳತಿಯೊಬ್ಬಳ ಆಕ್ಷೇಪ ಬೇರೆ. "ಮನೆಯವರೆಲ್ಲರದೂ ಒಗೆದು ಸಾಕಾಗಿದೆ ಕಣೇ, ಇನ್ನು ಇದೊಂದು ಬೇರೆ ನಮ್ಮ ತಲೆಗೆ ಕಟ್ಟಬೇಡ." ಈ ಮಾತನ್ನು ತಳ್ಳಿಹಾಕುವಂತಿಲ್ಲ. ಎಲ್ಲ ಫಿಲ್ಟರನ್ನೂ ನಾವೇ ತೊಳೆಯಬೇಕೆಂದು ನಾನೂ ಹೇಳುತ್ತಿಲ್ಲ. ಪುರುಸೊತ್ತಿಲ್ಲದಿದ್ದರೆ ದುಡ್ಡು ಕೊಟ್ಟು ಮಾಡಿಸಿ. ಆದರೆ ಅಡುಗೆಗೆ ಜನ ಇಟ್ಟುಕೊಂಡವಳಿಗೂ ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ತಿಳಿಯುತ್ತದಲ್ಲ, ಅಷ್ಟಾದರೂ ಬೇಕು. ಒಂದು ಸಲ, ಒಂದೇ ಒಂದು ಸಲ ಬಿಚ್ಚಿ ನೋಡಿ. ಸ್ಕೂಟರಿನವರೂ ಅಷ್ಟೇ. ನಿಮ್ಮದರಲ್ಲಿ ಸಾಮಾನ್ಯವಾಗಿ ಕಾಗದದ ಫಿಲ್ಟರ್ ಇರುತ್ತದೆ, ಅದನ್ನು ನೀರಿಗೆ ಹಾಕಬಾರದು. ಎಣ್ಣೆ ಹಿಡಿಸಿದ ಕಾಗದವಾದರೆ ಗಾಳಿ ಊದಲೂ ಬಾರದು, ಬದಲಿಸುವುದೊಂದೇ ದಾರಿ. ಎಷ್ಟು ಕಿಲೋಮೀಟರಿಗೆ ಎಂದು ಆ ಬೀರುವಿನ ಪುಸ್ತಕದಲ್ಲಿದೆ. ಧೂಳಿನ ಊರಾದರೆ ಅದಕ್ಕಿಂತ ಮೊದಲೇ.

ಸರ್ವೀಸಿಗೆ ನಾನು ಈಗಲೂ ಬಿಡುತ್ತೇನೆ, ಎಲ್ಲವನ್ನೂ ಮಾಡುವಷ್ಟು ಶೂರಳಲ್ಲ. ಆದರೆ ಬಿಡುವಾಗ ಒಂದು ಮಾತು ಹೇಳುತ್ತೇನೆ: "ಏನೇ ಬದಲಿಸಿದರೂ ಹಳೇದು ನನ್ನ ಕೈಗೆ ಕೊಡಪ್ಪ." ಮೊದಲ ಸಲ ಹುಡುಗ ನನ್ನ ಮುಖ ನೋಡಿದ, ಆಮೇಲೆ ಒಳಗೆ ಯಜಮಾನನ ಮುಖ ನೋಡಿದ. ಸಾಯಂಕಾಲ ಬಿಲ್ಲಿನಲ್ಲಿ ಎರಡು ಬಾಬ್ತು ಕಡಿಮೆಯಾಗಿದ್ದವು.