ನೀರಿನ ಕ್ಯಾನು ಎಲ್ಲಿಡಬೇಕು?

ಬೇಸಿಗೆ ರಜೆ ಬಂತೆಂದರೆ ಅಮೆರಿಕದ ಹೆದ್ದಾರಿಗಳಲ್ಲಿ ಒಂದು ತಮಾಷೆಯ ಗಾಡಿ ಕಾಣಿಸುತ್ತದೆ. ಕಾರಿನ ಹಿಂದೆ ಕೊಕ್ಕೆ ಹಾಕಿ ಎಳೆದೊಯ್ಯುವ, ಎರಡೇ ಚಕ್ರದ ಪುಟ್ಟ ಮನೆ ಅದು. ಮುಂದೆ ಉರುಟು, ಹಿಂದಕ್ಕೆ ಇಳಿಜಾರು. ಪಕ್ಕದಿಂದ ನೋಡಿದರೆ ಅಡ್ಡ ಮಲಗಿಸಿದ ಹನಿಯಂತಿರುವುದರಿಂದ ಅದಕ್ಕೆ ‘ಟಿಯರ್‌ಡ್ರಾಪ್’, ಅಂದರೆ ಕಣ್ಣೀರ ಹನಿ ಎಂದೇ ಹೆಸರು. 1930ರ ದಶಕದಲ್ಲಿ ಇದು ಜನಪ್ರಿಯವಾಯಿತು. ಮನೆಯಲ್ಲೇ ಹಲಗೆ ಕೊಯ್ದು ಮಾಡಿಕೊಳ್ಳಲು ಬೇಕಾದ ನಕ್ಷೆಗಳನ್ನು ಆ ಕಾಲದ ಪತ್ರಿಕೆಗಳು ಪ್ರಕಟಿಸುತ್ತಿದ್ದವು. ಅಗಲ ನಾಲ್ಕೈದು ಅಡಿ, ಉದ್ದ ಎಂಟರಿಂದ ಹತ್ತು ಅಡಿ. ಒಳಗೆ ಇಬ್ಬರು ಮಲಗುವಷ್ಟು ಹಾಸಿಗೆ, ಎದ್ದು ನಿಲ್ಲಲು ಎತ್ತರವಿಲ್ಲ. ಹಿಂಭಾಗದ ಮುಚ್ಚಳ ಎತ್ತಿದರೆ ಅಡುಗೆಮನೆ. ಒಲೆ, ಪಾತ್ರೆ, ಐಸ್ ಪೆಟ್ಟಿಗೆ, ನೀರಿನ ಕ್ಯಾನು ಎಲ್ಲ ಅಲ್ಲಿಯೇ. ಅಡುಗೆ ಮಾಡುವವರು ಮಾತ್ರ ಹೊರಗೆ, ನೆಲದ ಮೇಲೆ ನಿಂತಿರುತ್ತಾರೆ.

ಇಷ್ಟು ಚಿಕ್ಕ ಜಾಗದಲ್ಲಿ ವಾರಕ್ಕಾಗುವಷ್ಟು ಸಾಮಾನು ಹಿಡಿಸುವುದು ಹೇಗೆ? ಎಲ್ಲರ ಮೊದಲ ಚಿಂತೆ ಇದೇ. ನಮ್ಮ ತಾಯಂದಿರಿಗೆ ಇದೇನು ದೊಡ್ಡ ಲೆಕ್ಕವಲ್ಲ. ಒಂದರೊಳಗೊಂದು ಕೂರುವ ಡಬರಿಗಳು, ಮಡಚುವ ಕುರ್ಚಿ, ಗಟ್ಟಿ ಸೂಟ್‌ಕೇಸಿನ ಬದಲು ಮೂಲೆಗೆ ತುರುಕಬಹುದಾದ ಬಟ್ಟೆಚೀಲ, ಇಳಿದ ಕೂಡಲೇ ಬೇಕಾಗುವ ಟಾರ್ಚನ್ನು ಎಲ್ಲಕ್ಕಿಂತ ಕೊನೆಗೆ ಇಡುವುದು... ಇಷ್ಟಾದರೆ ಜಾಗದ ಸಮಸ್ಯೆ ಬಹುಪಾಲು ಮುಗಿಯಿತು. ಆದರೆ ಸಾಮಾನಿಗೆ ಗಾತ್ರ ಮಾತ್ರವಲ್ಲ, ಭಾರವೂ ಇದೆ. ಖಾಲಿ ಇದ್ದ ಕಡೆಯೆಲ್ಲ ಭಾರ ಹೇರಿದರೆ ಪ್ರಾಣಕ್ಕೇ ಸಂಚಕಾರ ಬರಬಹುದು.

ಎತ್ತಿನ ಗಾಡಿಗೆ ಹೊರೆ ಹೇರುವುದನ್ನು ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಅದಕ್ಕೂ ಎರಡೇ ಚಕ್ರ ತಾನೆ? ಮೂಟೆಗಳನ್ನೆಲ್ಲ ಹಿಂದಕ್ಕೆ ಹೇರಿದರೆ ಮೂಕಿ ಮೇಲಕ್ಕೇಳುತ್ತದೆ. ಮುಂದಕ್ಕೆ ಹೇರಿದರೆ ನೊಗ ಎತ್ತುಗಳ ಹೆಗಲನ್ನು ಜಜ್ಜುತ್ತದೆ. ಅನುಭವಸ್ಥನಾದವನು ನೊಗವನ್ನು ಒಮ್ಮೆ ಕೈಯಲ್ಲಿ ಎತ್ತಿ ನೋಡಿ, ಒಂದೆರಡು ಮೂಟೆ ಅತ್ತಿತ್ತ ಸರಿಸಿ, ಕೊಂಚ ಮುಂಭಾರ ಉಳಿಸಿಕೊಂಡು ಹೊರಡುತ್ತಾನೆ. ನಾವು ಕರಿಹಲಗೆಯ ಮೇಲೆ ಬರೆದು ಕಲಿಸುವ ಸನ್ನೆಯ ತತ್ವ ಅವನ ಅಂಗೈಯಲ್ಲಿದೆ. ಟಿಯರ್‌ಡ್ರಾಪಿನಲ್ಲಿ ಎತ್ತಿನ ಹೆಗಲಿನ ಬದಲು ಕಾರಿನ ಕೊಕ್ಕೆ, ಅಷ್ಟೇ ವ್ಯತ್ಯಾಸ. ಗಾಡಿಯ ಒಟ್ಟು ಭಾರದಲ್ಲಿ ಶೇಕಡಾ 10ರಿಂದ 15ರಷ್ಟು ಕೊಕ್ಕೆಯ ಮೇಲೆ ಕೂರಬೇಕೆಂಬುದು ಅಮೆರಿಕದಲ್ಲಿ ರೂಢಿಯ ನಿಯಮ.

ಒಂದು ಲೆಕ್ಕ ಮಾಡೋಣ. (ಕಿಲೋಗ್ರಾಂ ದ್ರವ್ಯರಾಶಿಯ ಮಾನ, ತೂಕದ್ದಲ್ಲ ಎಂದು ಹತ್ತನೇ ತರಗತಿಯವರು ತಕರಾರು ತೆಗೆದರೆ ಅವರದು ಸರಿ. ಆದರೂ ಇಲ್ಲಿ ಅಂಗಡಿಯ ತಕ್ಕಡಿಯ ಭಾಷೆಯೇ ಸಾಕು.) ಗಾಡಿ 460 ಕಿಲೋ ಇದೆ, ಅದರಲ್ಲಿ 60 ಕಿಲೋ ಕೊಕ್ಕೆಯ ಮೇಲಿದೆ ಎನ್ನಿ. ಚಕ್ರದ ಅಚ್ಚಿನಿಂದ ಕೊಕ್ಕೆಗೆ ಎರಡೂವರೆ ಮೀಟರ್ ದೂರ. ಈಗ 20 ಲೀಟರ್ ನೀರು, ಐಸ್ ಪೆಟ್ಟಿಗೆ, ಬೇಳೆ ಅಕ್ಕಿ ಸೇರಿ 40 ಕಿಲೋ ಸಾಮಾನನ್ನು ಹಿಂದಿನ ಅಡುಗೆಮನೆಯಲ್ಲಿ, ಅಚ್ಚಿನಿಂದ ಒಂದೂವರೆ ಮೀಟರ್ ಹಿಂದೆ ಇಟ್ಟಿರಿ. 40ನ್ನು 1.5ರಿಂದ ಗುಣಿಸಿ 2.5ರಿಂದ ಭಾಗಿಸಿದರೆ 24. ಕೊಕ್ಕೆಯ ಮೇಲಿನ ಭಾರ ಅಷ್ಟು ಇಳಿದು 36 ಕಿಲೋ ಆಯಿತು. ಒಟ್ಟು 500ಕ್ಕೆ ಇದು ಶೇಕಡಾ 7 ಚಿಲ್ಲರೆ. ಅದೇ ಸಾಮಾನನ್ನು ಅಚ್ಚಿನ ನೇರ ಮೇಲೆ ಇಟ್ಟಿದ್ದರೆ ಕೊಕ್ಕೆಯ 60 ಕಿಲೋ ಹಾಗೆಯೇ ಉಳಿದು, ಪ್ರಮಾಣ ಶೇಕಡಾ 12 ಆಗುತ್ತಿತ್ತು. ಅಡುಗೆಗೆ ನೀರು ಕೈಗೆ ಸಿಗಬೇಕು ನಿಜ. ಆದರೆ ಅದು ಗಾಡಿ ನಿಂತ ಮೇಲಿನ ಮಾತು. ಓಡುವಾಗ ಕ್ಯಾನು ಅಚ್ಚಿನ ಮೇಲಿರಲಿ.

ಹಿಂಭಾರವಾದರೆ ಆಗುವುದೇನು? ನಿಧಾನವಾಗಿ ಹೋಗುವಾಗ ಏನೂ ತಿಳಿಯುವುದಿಲ್ಲ. ಅದೇ ಮೋಸ. ವೇಗ ಒಂದು ಮಿತಿ ದಾಟಿದ ಮೇಲೆ, ಪಕ್ಕದಲ್ಲಿ ಲಾರಿ ಹಾದುಹೋದ ಗಾಳಿಗೋ ರಸ್ತೆಯ ಉಬ್ಬಿಗೋ ಗಾಡಿಯ ಬಾಲ ಅತ್ತಿತ್ತ ತೂಗಲು ತೊಡಗುತ್ತದೆ. ಸರಿಯಾಗಿ ಹೇರಿದ ಗಾಡಿಯಲ್ಲಿ ಈ ತೂಗಾಟ ಎರಡು ಮೂರು ಸಲಕ್ಕೆ ಅಡಗುತ್ತದೆ. ಹಿಂಭಾರದ ಗಾಡಿಯಲ್ಲಿ ಪ್ರತಿ ಸಲವೂ ಹೆಚ್ಚುತ್ತಾ ಹೋಗಿ, ಕೊನೆಗೆ ಕಾರನ್ನೂ ಸೆಳೆದುಕೊಂಡು ಉರುಳಬಹುದು. ಆಗ ಗಾಬರಿಯಿಂದ ಕಾರಿನ ಬ್ರೇಕ್ ಅದುಮಬಾರದು, ವೇಗವನ್ನೂ ಹೆಚ್ಚಿಸಬಾರದು. ಸ್ಟೀರಿಂಗನ್ನು ನೇರವಾಗಿ ಹಿಡಿದು ಆಕ್ಸಿಲರೇಟರಿನಿಂದ ಮೆಲ್ಲಗೆ ಕಾಲು ತೆಗೆಯಬೇಕು.

ಹಿಂದೆ ಇಟ್ಟ ಭಾರಕ್ಕೆ ಸಮನಾಗಿ ಮುಂದೆಯೂ ಭಾರ ಇಟ್ಟರೆ ಸರಿಹೋಗದೇ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಕೊಕ್ಕೆಯ ಲೆಕ್ಕವೇನೋ ಸರಿಹೋಗುತ್ತದೆ, ಗಾಡಿ ಸರಿಹೋಗುವುದಿಲ್ಲ. ಮನೆಯಲ್ಲೇ ಪರೀಕ್ಷಿಸಿ. ಒಂದು ಕೋಲಿನ ಎರಡು ತುದಿಗೆ ಒಂದೊಂದು ಆಲೂಗಡ್ಡೆ ಚುಚ್ಚಿ, ನಡುವೆ ಹಿಡಿದು ಎಡಕ್ಕೂ ಬಲಕ್ಕೂ ಬೇಗಬೇಗ ತಿರುಗಿಸಿ. ಆಮೇಲೆ ಎರಡನ್ನೂ ನಡುವಿಗೆ, ನಿಮ್ಮ ಮುಷ್ಟಿಯ ಹತ್ತಿರಕ್ಕೆ ಸರಿಸಿ ತಿರುಗಿಸಿ. ತೂಕ ಅಷ್ಟೇ. ಆದರೆ ಮೊದಲನೆಯದನ್ನು ತಿರುಗಿಸುವುದೂ ಕಷ್ಟ, ತಿರುಗುತ್ತಿರುವಾಗ ತಡೆಯುವುದೂ ಕಷ್ಟ. ಗಾಡಿಯ ಎರಡು ತುದಿಗೆ ಭಾರ ಹೇರಿದರೂ ಹೀಗೆಯೇ: ತೂಗಾಟ ಒಮ್ಮೆ ಶುರುವಾದರೆ ನಿಲ್ಲಿಸುವುದು ಕಷ್ಟ. ತುದಿಗಳಿಗೆ ಹಾಸಿಗೆ, ಬಟ್ಟೆ, ಪ್ಲಾಸ್ಟಿಕ್ ಡಬ್ಬಗಳು ಹೋಗಲಿ.

ಭಾರ ನಡುವೆ ಇದ್ದರೆ ಸಾಲದು, ತಗ್ಗಿನಲ್ಲೂ ಇರಬೇಕು. ನಮ್ಮಲ್ಲಿ ಟಿಯರ್‌ಡ್ರಾಪ್ ಅಪರೂಪವಾದರೂ ಈ ಮಾತು ನಮಗೂ ಬೇಕಾದದ್ದೇ. ಪ್ರವಾಸದ ವ್ಯಾನಿನ ಕ್ಯಾರಿಯರ್ ಮೇಲೆ ಅಕ್ಕಿ ಮೂಟೆ, ದೊಡ್ಡ ಪಾತ್ರೆ ಹೇರಿ ಆಗುಂಬೆ ಘಾಟಿಯ ತಿರುವುಗಳಲ್ಲಿ ಇಳಿಯುವವರು ಗುರುತ್ವ ಕೇಂದ್ರವನ್ನು ಆಕಾಶಕ್ಕೆ ಏರಿಸಿರುತ್ತಾರೆ. ಚಾಪೆ ದಿಂಬು ಮೇಲೆ ಹೋಗಲಿ, ಅಕ್ಕಿ ಕೆಳಗೆ ಬರಲಿ. ಹಾಗೆಂದು ಕುಕ್ಕರನ್ನು ಹಿಂದಿನ ಸೀಟಿನಲ್ಲಿ ಸುಮ್ಮನೆ ಇಡುವಂತಿಲ್ಲ. ಗಂಟೆಗೆ 50 ಕಿಲೋಮೀಟರ್ ವೇಗದ ವಾಹನ ಡಿಕ್ಕಿ ಹೊಡೆದು ಗಕ್ಕನೆ ನಿಂತರೆ, ಒಳಗಿರುವ ಕಟ್ಟದ ವಸ್ತು ಅದೇ ವೇಗದಲ್ಲಿ ಮುಂದೆ ನುಗ್ಗುತ್ತದೆ. ಸುಮಾರು 10 ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಇರುವ ವೇಗ ಅದು. ಮೂರನೇ ಮಹಡಿಯಿಂದ ಕುಕ್ಕರ್ ಬೀಳುವಾಗ ಕೆಳಗೆ ಯಾರಾದರೂ ಮಗುವನ್ನು ನಿಲ್ಲಿಸುತ್ತಾರೆಯೇ?

ಗ್ಯಾಸ್ ಸಿಲಿಂಡರಿನ ವಿಷಯ ಬೇರೆ. ಅದು ಮಲಗುವ ಗೂಡಿನೊಳಗೆ ಇರಲೇಬಾರದು. ಅಲ್ಲಿ ಬಳಸುವ ಪ್ರೊಪೇನ್ ಅನಿಲ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಸೋರಿದರೆ ಮೇಲೇರಿ ಹೋಗದೆ, ಹಾಸಿಗೆಯ ಮಟ್ಟದಲ್ಲೇ ನೀರಿನಂತೆ ನಿಲ್ಲುತ್ತದೆ. ಅದಕ್ಕೇ ಸಿಲಿಂಡರನ್ನು ಸಾಮಾನ್ಯವಾಗಿ ಹೊರಗೆ, ಮುಂದಿನ ಮೂಕಿಯ ಮೇಲೆ ನೆಟ್ಟಗೆ ನಿಲ್ಲಿಸಿ ಬಿಗಿಯುತ್ತಾರೆ. ಕೊಕ್ಕೆಗೆ ಬೇಕಾದ ಮುಂಭಾರದಲ್ಲಿ ಒಂದಿಷ್ಟು ಅದರಿಂದಲೇ ಬರುತ್ತದೆ. ಚಳಿಯೆಂದು ಒಲೆಯನ್ನು ಒಳಗೆ ತಂದು ಉರಿಸುವುದಂತೂ ಆತ್ಮಹತ್ಯೆಗೆ ಸಮ. ಮುಚ್ಚಿದ ಗೂಡಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಸೇರಿಕೊಂಡರೆ ವಾಸನೆಯೂ ಬರುವುದಿಲ್ಲ, ಮಲಗಿದವರಿಗೆ ಎಚ್ಚರವೂ ಆಗುವುದಿಲ್ಲ.

ಕೊಕ್ಕೆಯ ಭಾರ ಅಳೆಯಲು ದೊಡ್ಡ ಯಂತ್ರವೇನೂ ಬೇಡ. ಮೈತೂಕ ನೋಡುವ ಮನೆಯ ತಕ್ಕಡಿ ಸಾಕು. ಸಮತಟ್ಟಾದ ನೆಲದಲ್ಲಿ ಗಾಡಿಯ ಚಕ್ರಕ್ಕೆ ಅಡ್ಡಗಲ್ಲು ಕೊಟ್ಟು, ಕಾರಿಗೆ ಸಿಕ್ಕಿಸಿದಾಗ ಇರುವಷ್ಟೇ ಎತ್ತರದಲ್ಲಿ ಕೊಕ್ಕೆಯ ತುದಿಯನ್ನು ತಕ್ಕಡಿಯ ಮೇಲೆ ಕೂರಿಸಿದರೆ ಮುಗಿಯಿತು. ಬೇಕಾದರೆ ತಕ್ಕಡಿಯ ಕೆಳಗೆ ಗಟ್ಟಿಮುಟ್ಟಾದ ಸ್ಟೂಲು ಇಟ್ಟುಕೊಳ್ಳಿ. ಸಾಮಾನು ತುಂಬಿದ ಮೇಲೆ ಅಳೆಯಬೇಕು, ತುಂಬುವ ಮೊದಲಲ್ಲ. ಮೂರು ದಿನ ಕಳೆದು ನೀರು ಬರಿದಾಗಿ, ಅಕ್ಕಿ ಬೇಳೆ ಮುಗಿದು, ದಾರಿಯಲ್ಲಿ ಕೊಂಡ ಸಾಮಾನುಗಳೆಲ್ಲ ಹಿಂದಿನ ಗೂಡು ಸೇರಿದ ಮೇಲೆ, ಮರಳಿ ಹೊರಡುವ ಮುನ್ನ ಮತ್ತೊಮ್ಮೆ ಅಳೆಯಬೇಕು.